ಒರೆಸುವ ಭಾನುವಾರ

ಸಾವಿನ ಮನೆಗೆ ಜನ ಹಣ್ಣು ತರುತ್ತಾರೆ, ಕಣ್ಣೀರು ತರುತ್ತಾರೆ, ಎರಡೂ ಇಲ್ಲದವರು ಬುದ್ಧಿಮಾತು ತರುತ್ತಾರೆ. ಮೈಕ್ರೋಸ್ಕೋಪು ಸಂಘದವರು ಮಾತ್ರ ಬಟ್ಟೆ ತರುತ್ತಿದ್ದರು. ತೊಳೆದು ತೊಳೆದು ಬೆಣ್ಣೆಯಷ್ಟು ಮೆತ್ತಗಾದ ಹತ್ತಿ ಬಟ್ಟೆ, ಜೊತೆಗೊಂದು ಮೃದುವಾದ ಕುಂಚ. ಸಂಘ ಅಂದರೆ ಮಹಾ ದೊಡ್ಡದೇನಲ್ಲ. ಹಳೇ ಹಿತ್ತಾಳೆ ಮೈಕ್ರೋಸ್ಕೋಪು ಎಲ್ಲಿದ್ದರೂ ಹುಡುಕಿ ಹೊತ್ತು ತಂದು, ಅದಕ್ಕೊಂದು ಗಾಜಿನ ಬೀರು ಮಾಡಿಸಿ, ಹೆಂಡತಿ ಕೈಲಿ ಬೈಸಿಕೊಳ್ಳುವ ಏಳೆಂಟು ಗಂಡಸರ ಕೂಟ, ಅಷ್ಟೇ. ಅವರಲ್ಲೊಬ್ಬ ಹೋದರೆ, ಉಳಿದವರು ಒಂದು ಭಾನುವಾರ ಅವನ ಮನೆಗೆ ಬಂದು, ಅವನು ಕೂಡಿಟ್ಟಿದ್ದನ್ನೆಲ್ಲ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ, ಪೆಟ್ಟಿಗೆಗೆ ಹಾಕಿ ಕೊಟ್ಟು ಹೋಗುವುದು ಪದ್ಧತಿ. ಇದಕ್ಕೆ ಕೂಲಿ ಇಲ್ಲ, ಊಟವೂ ಇಲ್ಲ. ಟೀ ಕೊಟ್ಟರೆ ಕುಡಿಯಬಹುದು. ಒರೆಸುವ ಭಾನುವಾರ ಅಂತ ಹೆಸರಿಟ್ಟು ಈ ಪದ್ಧತಿ ಶುರು ಮಾಡಿದ್ದು ಟೈಲರಮ್ಮನ ಗಂಡ. ಈಗ ಅವರದೇ ಸರದಿ ಬಂದಿತ್ತು.

ಅವರು ನೀರು ಸರಬರಾಜಿನವರ ಲ್ಯಾಬಿನಲ್ಲಿ ಕೆಲಸಕ್ಕಿದ್ದವರು. ಬೀದಿಯವರೆಲ್ಲ ನೀರಿನ ಸಾಹೇಬರು ಅಂತಲೇ ಕರೆಯುತ್ತಿದ್ದರು. ಹಗಲೆಲ್ಲ ಅಲ್ಲಿ ಕೂತು ನೀರಿನ ಹನಿಯಲ್ಲಿ ಹುಳ ಹುಡುಕುವುದು, ಸಂಜೆ ಮನೆಗೆ ಬಂದು ಹುಳ ಹುಡುಕುವ ಯಂತ್ರಕ್ಕೆ ಎಲ್ಲಾದರೂ ಕಿಲುಬು ಹತ್ತಿದೆಯಾ ಅಂತ ಹುಡುಕುವುದು. "ಇಷ್ಟೆಲ್ಲ ಹುಡುಕ್ತೀರಲ್ಲ, ಬೆಳಗ್ಗೆಯಿಂದ ನನ್ನ ಕತ್ತರಿ ಕಾಣ್ತಿಲ್ಲ, ಅದನ್ನೂ ಸ್ವಲ್ಪ ಹುಡುಕಿಕೊಡಿ" ಅಂತ ಟೈಲರಮ್ಮ ಕಾಲೆಳೆದರೆ, ಅವರು ಲೆನ್ಸಿನಿಂದ ಕಣ್ಣು ತೆಗೆಯದೆ "ಹೂಂ" ಅನ್ನುತ್ತಿದ್ದರು. ಆ 'ಹೂಂ'ಗೆ ಅರ್ಥ ಏನೂ ಇಲ್ಲ ಅಂತ ಅವಳಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು.

ಅವಳದ್ದು ಶಾಲಾ ಯೂನಿಫಾರಂ ಹೊಲಿಯುವ ಕಸುಬು. ಮೊದಲು ಹೊಲಿಗೆ ಮಿಷನ್ನು ಮುಂದಿನ ಕೋಣೆಯ ಕಿಟಕಿ ಪಕ್ಕ ಇತ್ತು. ಗಾಜಿನ ಬೀರುಗಳು ಒಂದೊಂದಾಗಿ ಬಂದ ಹಾಗೆ ಅದು ಸರಿಯುತ್ತ ಸರಿಯುತ್ತ ಕೊನೆಗೆ ಬಾಗಿಲ ಸಂದಿಗೆ ಬಂದು ನಿಂತಿತ್ತು. ಯಾರಾದರೂ ಜೋರಾಗಿ ಬಾಗಿಲು ತಳ್ಳಿದರೆ ಅವಳ ಮೊಣಕೈಗೇ ಬಡಿಯುತ್ತಿತ್ತು. ಬೈದಳು, ರೇಗಿದಳು, ಒಂದೆರಡು ಸಲ ಅತ್ತಳು. ಆದರೆ ಹೊರಗಿನವರ ಮುಂದೆ ಗಂಡನನ್ನು ಬಿಟ್ಟುಕೊಟ್ಟವಳಲ್ಲ. ಕುಡಿತ ಇಲ್ಲ, ಜೂಜಿಲ್ಲ, ಇನ್ನೊಬ್ಬರ ಗುಂಡುಸೂಜಿ ಮುಟ್ಟಿದವರಲ್ಲ. ಗಂಡ ಅಂದರೆ ಇನ್ನೇನು ಬೇಕು? ಬೇರೆಯವರ ಮನೆಗೆ ಒರೆಸಲು ಹೋಗುವಾಗ ಅವಳೇ ಬಟ್ಟೆ ತೊಳೆದು, ಮಡಿಸಿ, ಚೀಲಕ್ಕೆ ಹಾಕಿ ಕೊಡುತ್ತಿದ್ದಳು. ಸತ್ತವರ ಮನೆಯ ಕೆಲಸಕ್ಕೆ ಹೋಗುವ ಗಂಡ ಅಂತ ಅವಳಿಗೆ ಒಳಗೊಳಗೇ ಹೆಮ್ಮೆ.

ಆ ಭಾನುವಾರ ಬೆಳಗ್ಗೆ ಅವಳ ತಲೆಯಲ್ಲಿ ಮೈಕ್ರೋಸ್ಕೋಪು ಇರಲಿಲ್ಲ, ಅಕ್ಕ ಇದ್ದಳು. ಅಕ್ಕ ಬರುತ್ತೇನೆ ಅಂದಿದ್ದಳು.

ಇವಳಿಗೆ ಉಳಿದಿರುವ ತವರು ಅಂದರೆ ಆ ಒಬ್ಬಳೇ ಅಕ್ಕ. ಅವಳ ಗಂಡ ವಿಜ್ಞಾನದ ಮೇಷ್ಟ್ರು. ಅವರಿಗೂ ಇದೇ ಹುಚ್ಚು. ಷಡ್ಡಕರಿಬ್ಬರೂ ಒಂದು ಕಡೆ ಸೇರಿದರೆ ಮುಗೀತು, ಊಟ ಆರಿ ತಣ್ಣಗಾಗುತ್ತಿತ್ತು, ಅಕ್ಕತಂಗಿಯರು ಅಡುಗೆಮನೆಯಲ್ಲಿ ಕೂತು ಇಬ್ಬರನ್ನೂ ಆಡಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ಎಂಟು ವರ್ಷದ ಹಿಂದೆ ಮೇಷ್ಟ್ರು ತೀರಿಕೊಂಡರು. ಅವತ್ತಿನಿಂದ ಅಕ್ಕ ಬೇರೆ ಮನುಷ್ಯಳಾದಳು. ಜಗಳ ಇಲ್ಲ, ಒಂದು ಒರಟು ಮಾತಿಲ್ಲ. ಆದರೆ ಮಾತಿಗೆ ಮಾತು ಸೇರಿಸುವುದನ್ನೇ ಬಿಟ್ಟಳು. ತಂಗಿ ಗುರುವಾರ ಗುರುವಾರ ಡಬ್ಬಿ ತುಂಬಿಕೊಂಡು ಹೋದರೆ "ಅಲ್ಲಿಡು" ಅನ್ನುವುದು. ಬಟ್ಟೆ ಒಗೆದು ಹಾಕಿದರೆ ಒಗೆಯಲಿ ಅಂತ ಸುಮ್ಮನೆ ಕೂರುವುದು. ತಂಗಿ ಮನೆ ಹೊಸ್ತಿಲು ತುಳಿದದ್ದು ನೀರಿನ ಸಾಹೇಬರು ಹೋದ ದಿನ ಮಾತ್ರ. ಅವತ್ತೂ ನೀರು ಕುಡಿದು ಎದ್ದು ಹೋಗಿದ್ದಳು.

ಟೈಲರಮ್ಮ ಇದನ್ನೆಲ್ಲ ದುಃಖ ಅಂದುಕೊಂಡಳು. ಗಂಡ ಹೋದ ಮೇಲೆ ಕೆಲವರು ಕಲ್ಲಾಗುತ್ತಾರೆ, ಇವಳೂ ಹಾಗೆ ಆಗಿದ್ದಾಳೆ ಅಂತ. ಈಗ ತನ್ನ ಗಂಡನೂ ಹೋದ ಮೇಲೆ ಅವಳಿಗೊಂದು ಆಸೆ ಹುಟ್ಟಿತ್ತು. ಇಬ್ಬರೂ ಒಂಟಿ. ಎರಡು ಮನೆ, ಎರಡು ಒಲೆ ಯಾತಕ್ಕೆ? ಗಂಡ ಬಿಡಿಭಾಗ ತುಂಬಿಟ್ಟಿದ್ದ ಹಿಂದಿನ ಕೋಣೆಯನ್ನು ಖಾಲಿ ಮಾಡಿಸಿದಳು, ಸುಣ್ಣ ಹೊಡೆಸಿದಳು, ಮಂಚ ಹಾಕಿಸಿ ಹೊಸ ಹಾಸಿಗೆ ಹೊಲಿದು ಹಾಸಿದಳು. ಬೆಳಕಿಗೆ ಅಕ್ಕನ ಕಣ್ಣು ನೋಯುತ್ತದೆ ಅಂತ ಕಿಟಕಿಗೆ ದಪ್ಪ ಪರದೆ ಬೇರೆ. ಸಂಘದವರು ಹೊರಟ ಮೇಲೆ ಕೈ ಹಿಡಿದು ಕೇಳಬೇಕು, ಬಾ ಅಕ್ಕಾ, ಇಲ್ಲೇ ಇದ್ದುಬಿಡು ಅಂತ. ಒರೆಸುವ ಭಾನುವಾರ ಯಾವತ್ತು ಅಂತ ಅಕ್ಕ ತಾನಾಗೇ ಕೇಳಿ, ನಾನೂ ಬರ್ತೀನಿ ಅಂದಾಗ ಇವಳಿಗೆ ಹಾಲು ಕುಡಿದಷ್ಟು ಸಂತೋಷ ಆಗಿತ್ತು. ಕಲ್ಲು ಕರಗಿತು ಅಂದುಕೊಂಡಳು, ಪಾಪ.

ಸಂಘದಿಂದ ಬಂದವರು ಇಬ್ಬರು. ಒಬ್ಬರು ಕಾರ್ಯದರ್ಶಿ, ಪಶುವೈದ್ಯರಾಗಿ ನಿವೃತ್ತರಾದವರು. ಎಲ್ಲರ ಬಾಯಲ್ಲೂ ದನದ ಡಾಕ್ಟ್ರು. ಇನ್ನೊಬ್ಬ ಬೇಕರಿಯವನು. ಉಳಿದವರಿಗೆ ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಮಗಳ ಮನೆ, ಏನೇನೋ. ಅಕ್ಕ ಇವರಿಗಿಂತ ಮೊದಲೇ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. "ಒಳಗೆ ಬಾ, ಆರಾಮಾಗಿ ಕೂತ್ಕೋ" ಅಂದರೆ "ಇಲ್ಲೇ ಚೆನ್ನಾಗಿ ಕಾಣತ್ತೆ" ಅಂದಳು. ಏನು ಕಾಣುತ್ತದೆ ಅಂತ ಟೈಲರಮ್ಮ ಕೇಳಲಿಲ್ಲ. ಬಂದಳಲ್ಲ, ಅಷ್ಟೇ ಸಾಕಾಗಿತ್ತು.

ಮೇಜಿನ ಮೇಲೆ ಬಿಳಿ ಹೊದಿಕೆ ಹಾಸಿದರು. ಬೀರುವಿನಿಂದ ಒಂದೊಂದೇ ಮೈಕ್ರೋಸ್ಕೋಪು ಇಳಿಯಿತು. ಎದ್ದು ನಿಂತ ಕೊಕ್ಕರೆಯಂಥ ಎತ್ತರದವು, ಹಸ್ತದಲ್ಲಿ ಹಿಡಿಯುವಂಥ ಪುಟಾಣಿಗಳು, ಕುದುರೆ ಲಾಳದ ಆಕಾರದ ಪಾದದವು. ಡಾಕ್ಟ್ರು ತಿರುಪು ಸಡಿಲಿಸಿ ಲೆನ್ಸುಗಳನ್ನು ಬಿಡಿಸುವುದು, ಬೇಕರಿಯವನು ಕುಂಚದಲ್ಲಿ ಧೂಳು ಹೊಡೆಯುವುದು. ಪಾಲಿಶ್ ಹಾಕುವ ಮಾತೇ ಇಲ್ಲ. ಹಳೇ ಹಿತ್ತಾಳೆ ಮೇಲೆ ತೆಳ್ಳಗೆ ಮೆರುಗೆಣ್ಣೆಯ ಪದರ ಇರುತ್ತದೆ, ತಿಕ್ಕಿ ಥಳಥಳ ಮಾಡಿದರೆ ಆ ಪದರ ಹೋಗಿ ಬೆಲೆಬಾಳುವ ವಸ್ತು ಪಾತ್ರೆ ಅಂಗಡಿಯ ಚೊಂಬಾಗುತ್ತದೆ. ಮದುವೆಯಾದ ಹೊಸತರಲ್ಲಿ ಟೈಲರಮ್ಮ ಹುಣಸೆಹಣ್ಣು ಕಲಸಿಕೊಂಡು ಒಂದನ್ನು ಉಜ್ಜಲು ಹೊರಟಾಗ ಗಂಡ ಬಚ್ಚಲಿನಿಂದ ಒದ್ದೆ ಮೈಯಲ್ಲೇ ಓಡಿ ಬಂದು ಕಿತ್ತುಕೊಂಡಿದ್ದರು.

"ಅದನ್ನ ಎಷ್ಟು ಸಲ ಹೇಳಿ ನಗಿಸೋರು ಅತ್ತಿಗೆ ಅವ್ರು!" ಅಂದ ಬೇಕರಿಯವನು. "ಟವಲ್ ಜಾರಿದ್ದೂ ಗೊತ್ತಾಗ್ಲಿಲ್ಲ ಅಂತಿದ್ರು."

"ಅದನ್ನೂ ಹೇಳಿದ್ರಾ? ಮಾನ ಮರ್ಯಾದೆ ಒಂದೂ ಇರ್ಲಿಲ್ಲ ಬಿಡಿ" ಅಂತ ಟೈಲರಮ್ಮ ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಡಾಕ್ಟ್ರು ಗಂಟಲು ಸರಿಮಾಡಿಕೊಂಡು, ಅಂಥವರು ಇನ್ನು ಹುಟ್ಟೋದಿಲ್ಲ ಅಂತ ಏನೋ ಹೇಳಿದರು. ಅಕ್ಕ ಮಾತ್ರ ನಗಲೂ ಇಲ್ಲ, ಕಣ್ಣೊರೆಸಿಕೊಳ್ಳಲೂ ಇಲ್ಲ. ಅವಳ ನೋಟ ಡಾಕ್ಟ್ರ ಕೈ ಮೇಲೇ ಇತ್ತು.

ಟೈಲರಮ್ಮ ಟೀ ಮಾಡಲು ಒಳಗೆ ಹೋದಳು. ತಟ್ಟೆಯಲ್ಲಿ ಲೋಟ ಇಟ್ಟುಕೊಂಡು ಬರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದು, ಮರದ ಪೆಟ್ಟಿಗೆಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿದ್ದವು. ಲೋಟ ಇಡಲು ಜಾಗ ಬೇಕಿತ್ತು. ಒಂದು ಪೆಟ್ಟಿಗೆಯನ್ನು ಸರಿಸಹೋದಳು. ಒಳಗೆ ಗೂಡಿನಲ್ಲಿ ಮಲಗಿಸಿಟ್ಟ ಪುಟ್ಟ ಲೆನ್ಸು ಕಂಡಿತು. ಮೈಕ್ರೋಸ್ಕೋಪಿನ ಕೆಳತುದಿಗೆ ತಿರುಗಿಸಿ ಕೂರಿಸುವ, ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆ ಕೊಳವೆ. ಸುಮ್ಮನೆ ಬೆರಳಾಡಿಸಿದಳು. ಅಂಚು ನುಣ್ಣಗಿತ್ತು.

ನುಣ್ಣಗಿರುವುದಕ್ಕೆ ಸಾಧ್ಯವೇ ಇಲ್ಲ. ಆ ಪೆಟ್ಟಿಗೆಯ ಲೆನ್ಸನ್ನು ಅವಳೇ ಒಂದು ಸಲ ಧೂಳು ಹೊಡೆಯುವಾಗ ಕೈಜಾರಿ ಬೀಳಿಸಿದ್ದಳು. ಅಂಚು ನೆಗ್ಗಿ ಚೊಟ್ಟೆಯಾಗಿತ್ತು. ನೀರಿನ ಸಾಹೇಬರು ಬೈಯಲಿಲ್ಲ, ಆದರೆ ವಾರಗಟ್ಟಲೆ ಹೆಂಡತಿ ಜೊತೆ ಮಾತು ಬಿಟ್ಟು ಗೋಡೆ ಜೊತೆ ಮಾತಾಡಿದರು. "ಊಟಕ್ಕೆ ಬಡಿಸಬಹುದು" ಅಂತ ಗೋಡೆಗೆ ಹೇಳುವುದು, "ಉಪ್ಪು ಜಾಸ್ತಿ" ಅಂತ ಗೋಡೆಗೆ ಹೇಳುವುದು. ಅಂಥ ಚೊಟ್ಟೆಯನ್ನು ಹೆಂಗಸು ಜನ್ಮದಲ್ಲಿ ಮರೆಯುತ್ತಾಳಾ?

"ಡಾಕ್ಟ್ರೇ, ಇದರ ಚೊಟ್ಟೆ ಎಲ್ಲಿ ಹೋಯ್ತು?"

"ಯಾವ ಚೊಟ್ಟೆ ಅತ್ತಿಗೆ?"

"ನಾನು ಬೀಳಿಸಿದ್ದು. ನನ್ನ ಚೊಟ್ಟೆ."

"ಅದು ಬೇರೆ ಯಾವುದೋ ಇರ್ಬೇಕು. ಎಲ್ಲ ಒಂದೇ ಥರ ಕಾಣ್ತವೆ, ನಿಮಗೆ ಗೊತ್ತಾಗಲ್ಲ" ಅಂದರು ಡಾಕ್ಟ್ರು. ಅಂದವರು ಬಲಗೈಯನ್ನು ಕೋಟಿನ ಜೇಬಿನ ಮೇಲೆ ಇಟ್ಟುಕೊಂಡರು. ಯಾರೂ ಇಟ್ಟುಕೋ ಅಂದಿರಲಿಲ್ಲ, ಕೈ ತಾನಾಗೇ ಅಲ್ಲಿಗೆ ಹೋಯಿತು. ಬೇಕರಿಯವನು ನೆಲ ನೋಡತೊಡಗಿದ.

ಟೈಲರಮ್ಮ ಎದೆ ಹಿಡಿದುಕೊಂಡು ಕೂರುವ ಜಾತಿಯಲ್ಲ. ಕೋಪ ಮೂಗಿನ ತುದಿಯಲ್ಲೇ ಇರುವವಳು. ಟೀ ತಟ್ಟೆಯನ್ನು ಠಪ್ಪನೆ ಹೊಲಿಗೆ ಮಿಷನ್ನಿನ ಮೇಲೆ ಇಟ್ಟಳು.

"ಜೇಬು ಖಾಲಿ ಮಾಡಿ."

"ಅತ್ತಿಗೆ, ಏನು ಮಾತು ಅಂತ ಆಡ್ತಿದೀರಾ..."

"ನೀವಾಗೇ ಮಾಡ್ತೀರೋ, ಬೀದಿಯವರನ್ನ ಕರೀಲೋ? ನನ್ನ ಗಂಟಲು ಮೂರು ಬೀದಿಗೆ ಕೇಳಿಸತ್ತೆ. ನಿಮಗೂ ಗೊತ್ತು."

ಗೊತ್ತಿತ್ತು. ಡಾಕ್ಟ್ರು ಬೇಕರಿಯವನ ಮುಖ ನೋಡಿದರು. ಅವನು ತಲೆ ಎತ್ತಲಿಲ್ಲ. ಕೊನೆಗೆ ಜೇಬಿಗೆ ಕೈ ಹಾಕಿ ಒಂದು ಲೆನ್ಸು ತೆಗೆದು ಬಿಳಿ ಹೊದಿಕೆ ಮೇಲೆ ಇಟ್ಟರು. ಚೊಟ್ಟೆ ಇತ್ತು. ಆಮೇಲೆ ಇನ್ನೊಂದು. ಆಮೇಲೆ ಮೇಲ್ಗಡೆಯಿಂದ ಕಣ್ಣಿಟ್ಟು ನೋಡುವಂಥದ್ದು ಒಂದು. ಕೆಲಸ ಹೇಗೆ ಅಂತ ನೋಡಿದರೆ ಮಕ್ಕಳಾಟದಷ್ಟು ಸುಲಭ. ಈ ಲೆನ್ಸುಗಳ ತಿರುಪು ಎಲ್ಲ ಕಂಪನಿಯದ್ದೂ ಹೆಚ್ಚುಕಡಿಮೆ ಒಂದೇ ಅಳತೆ. ಮನೆಯಿಂದ ಮಬ್ಬು ಹಿಡಿದ ಹಳೇ ಲೆನ್ಸು ತರುವುದು, ಒರೆಸುವ ನೆಪದಲ್ಲಿ ಒಳ್ಳೆಯದನ್ನು ಬಿಚ್ಚುವುದು, ಜಾಗಕ್ಕೆ ಮಬ್ಬಿನದನ್ನು ಕೂರಿಸುವುದು. ಗೂಡು ಖಾಲಿ ಇರುವುದಿಲ್ಲ. ಗಂಡ ಸತ್ತ ಹೆಂಗಸು ಕಣ್ಣಿಟ್ಟು ನೋಡುತ್ತಾಳಾ? ನೋಡಿದರೂ ಮಬ್ಬು ಕಂಡರೆ ತನ್ನ ಕಣ್ಣೀರೇ ಅಂದುಕೊಳ್ಳುತ್ತಾಳೆ.

"ಥೂ, ನಿಮ್ಮ ಜನ್ಮಕ್ಕಿಷ್ಟು!" ಅಂದಳು ಟೈಲರಮ್ಮ. "ಸತ್ತವರ ಮನೆಗೆ ಬಂದು ಜೇಬು ತುಂಬ್ಕೋತೀರಲ್ಲ, ಕೈ ಹೇಗೆ ಬಂತು? ನಮ್ಮೆಜಮಾನ್ರು ಇದ್ದಿದ್ರೆ ಚಪ್ಪಲಿ ತಗೊಂಡು..."

ಅಷ್ಟು ಹೊತ್ತು ಸುಟ್ಟ ಬದನೆಕಾಯಿಯ ಹಾಗಿದ್ದ ಡಾಕ್ಟ್ರ ಮುಖ ಇದ್ದಕ್ಕಿದ್ದಂತೆ ಬಿಗಿಯಾಯಿತು. ಸಿಕ್ಕಿಬಿದ್ದವನಿಗೆ ನಾಚಿಕೆ ಎಷ್ಟು ಹೊತ್ತು ಇರುತ್ತದೆ? ನಾಚಿಕೆ ಮುಗಿದ ಮೇಲೆ ಬರುವುದೇ ಸಿಟ್ಟು.

"ಯಜಮಾನ್ರು! ಯಾರು ಕಲಿಸಿದ್ದು ಅಂದ್ಕೊಂಡಿದೀರಿ ಇದನ್ನ? ಒರೆಸೋ ಭಾನುವಾರ ಅಂತ ಯಾತಕ್ಕೆ ಶುರು ಮಾಡಿದ್ದು ಅಂದ್ಕೊಂಡಿದೀರಿ? ಸತ್ತೋರ ಮೇಲಿನ ಪ್ರೀತಿಗಾ? 'ಆ ಹೆಂಗಸರಿಗೆ ಅದು ಗಾಜಿನ ಚೂರು ಕಣ್ರೀ, ನಮ್ಮ ಹತ್ರ ಇದ್ರೆ ಒಂದು ಮಿಷನ್ನು ಪೂರ್ತಿ ಆಗತ್ತೆ' ಅಂತ ನನ್ನ ಕೈಗೆ ಮೊದಲನೇ ಸಲ ಲೆನ್ಸು ಇಟ್ಟಿದ್ದೇ ಅವ್ರು."

"ನಾಲಿಗೆ ಬಿಗಿ ಹಿಡೀರಿ. ಅವರು ಇನ್ನೊಬ್ಬರ ಗುಂಡುಸೂಜಿ..."

"ಹಾಗಾದ್ರೆ ಆ ಕರೀದು ಪೂರ್ತಿ ಆಗಿದ್ದು ಹೇಗೆ?" ಡಾಕ್ಟ್ರು ಬೀರುವಿನ ನಟ್ಟನಡುವೆ ನಿಂತಿದ್ದ ಕಪ್ಪು ಮೈಯ, ಹಿತ್ತಾಳೆ ಕತ್ತಿನ ಮೈಕ್ರೋಸ್ಕೋಪಿನ ಕಡೆ ಬೆರಳು ಮಾಡಿದರು. "ಅದರ ಸಣ್ಣ ಲೆನ್ಸು ಎಲ್ಲಿಂದ ಬಂತು ಅಂತ ಒಂದು ದಿನ ಕೇಳಿದೀರಾ? ಆಕಾಶದಿಂದ ಉದುರಿತಾ? ಅದು..."

ಅಷ್ಟರಲ್ಲಿ ಅವರ ಕಣ್ಣು ಬಾಗಿಲ ಪಕ್ಕದ ಕುರ್ಚಿಗೆ ಹೋಯಿತು. ಬಾಯಿ ಅಲ್ಲಿಗೇ ನಿಂತಿತು. ಬೇಕರಿಯವನು "ಸಾಕು ಬನ್ನಿ ಡಾಕ್ಟ್ರೇ, ಸಾಕು ಬನ್ನಿ" ಅಂತ ಅವರ ತೋಳು ಹಿಡಿದು ಎಳೆದ. ಬಟ್ಟೆ, ಕುಂಚ ಎಲ್ಲ ಅಲ್ಲೇ ಬಿಟ್ಟು ಇಬ್ಬರೂ ಮೆಟ್ಟಿಲಿಳಿದು ಹೋದರು. ಟೈಲರಮ್ಮ ಅವರ ಹಿಂದೆ ಹೋಗಿ ನಾಲ್ಕು ಮಾತು ಜಾಡಿಸಬೇಕಿತ್ತು. ಬೀರುವಿನ ಕಡೆಗೇ ನೋಡುತ್ತ ನಿಂತಳು.

ಆ ಸಣ್ಣ ಲೆನ್ಸು ಬಂದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಕರೀ ಮೈಕ್ರೋಸ್ಕೋಪು ಗಂಡನ ಪಟ್ಟದ ಆನೆ. ಎಲ್ಲ ಇತ್ತು, ಅದೇ ಕಂಪನಿಯ ಅದೇ ಕಾಲದ ಆ ಒಂದು ಲೆನ್ಸಿಲ್ಲದೆ ಬೋಳಾಗಿತ್ತು. ಅದಕ್ಕಾಗಿ ಅವರು ಊರೂರು ಅಲೆದು, ಹಳೇ ಸಾಮಾನಿನ ಅಂಗಡಿಗಳ ಮೆಟ್ಟಿಲು ಸವೆಸಿದ್ದರು. ಒಂದು ಸಂಜೆ ಮನೆಗೆ ಬಂದವರೇ "ಸಿಕ್ತು ಕಣೇ!" ಅಂತ ಚಿಕ್ಕ ಹುಡುಗನ ಹಾಗೆ ಕುಣಿದರು. ಎಲ್ಲಿ ಸಿಕ್ತು ಅಂದರೆ "ಇತ್ತು ಒಂದು ಕಡೆ" ಅಂದರು. ಮೊದಲು ನೀನೇ ನೋಡು ಅಂತ ಅವಳನ್ನು ಕೂರಿಸಿ ನೊಣದ ರೆಕ್ಕೆ ತೋರಿಸಿದರು. ಬಣ್ಣಬಣ್ಣದ ಗಾಜಿನ ಕಿಟಕಿಯ ಹಾಗಿತ್ತು. ಅಷ್ಟು ವರ್ಷ ಬೈದುಕೊಂಡೇ ಬಂದ ಹುಚ್ಚಿನ ಬಗ್ಗೆ ಅವತ್ತೊಂದು ದಿನ ಅವಳಿಗೂ ಸಂತೋಷವಾಗಿತ್ತು. ಆ ಸಂಜೆ ಅವರು ಬಂದದ್ದು ಎಲ್ಲಿಂದ? ಬಟ್ಟೆ ತೊಳೆದು ಮಡಿಸಿ ಕೊಟ್ಟವಳು ಅವಳೇ ಅಲ್ಲವಾ? ಭಾವನ ಮನೆಯ ಒರೆಸುವ ಭಾನುವಾರ. ಎರಡನ್ನೂ ಒಂದಕ್ಕೊಂದು ಸೇರಿಸಿ ನೋಡಲು ಅವಳಿಗೆ ಎಂದೂ ತೋಚಿರಲಿಲ್ಲ. ಗಂಡನ ಬಗ್ಗೆ ಹಾಗೆಲ್ಲ ಯಾರು ಸೇರಿಸಿ ನೋಡುತ್ತಾರೆ?

ನಿಧಾನಕ್ಕೆ ತಿರುಗಿದಳು. ಅಕ್ಕ ಹಾಗೇ ಕೂತಿದ್ದಳು, ಕೈ ಮಡಿಲಲ್ಲಿ.

"ಅಕ್ಕಾ... ಭಾವಂದಾ ಅದು?"

"ಹೂಂ."

"ನಿಂಗೆ ಗೊತ್ತಿತ್ತಾ?"

"ಕಣ್ಣಾರೆ ನೋಡಿದ್ದೆ. ಒಳಗಿಂದ ನೀರು ತರ್ತಿದ್ದೆ. ನಿನ್ನ ಗಂಡ ಬಿಚ್ಚಿ ಜೇಬಿಗೆ ಹಾಕ್ಕೊಂಡ್ರು. ಆಮೇಲೆ ನನ್ನ ಕೈಯಿಂದ್ಲೇ ನೀರು ಇಸ್ಕೊಂಡು ಕುಡಿದ್ರು, ಧೈರ್ಯ ತಗೋಬೇಕು ಅಂತ ಹೇಳಿದ್ರು."

ಟೈಲರಮ್ಮ ಅಕ್ಕನ ಮುಂದೆ ನೆಲದ ಮೇಲೆ ಕೂತುಬಿಟ್ಟಳು.

"ಅವತ್ತೇ ಯಾಕೆ ಹೇಳ್ಲಿಲ್ಲ? ಒಂದು ಮಾತು, ಒಂದೇ ಒಂದು ಮಾತು ನಂಗೆ ಹೇಳಿದ್ರೆ ಅವರ ಕತ್ತಿನ ಪಟ್ಟಿ ಹಿಡಿದು ತಂದು ನಿನ್ನ ಮುಂದೆ ನಿಲ್ಲಿಸ್ತಿದ್ದೆ ಅಕ್ಕಾ. ನೀನೇ ನೋಡಿದ್ಯಲ್ಲ ಈಗ!"

"ಹೇಳೋಣ ಅಂತಾನೇ ಇದ್ದೆ" ಅಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆದರಿಕೆಯಾಗುವ ಹಾಗಿತ್ತು. "ಲೆನ್ಸಿಗೋಸ್ಕರ ಅಲ್ಲ. ಕೇಳಿದ್ರೆ ಇಡೀ ಬೀರುವೇ ಕೊಡ್ತಿದ್ದೆ. ನಿನ್ನ ಭಾವ ರಾತ್ರಿ ಊಟ ಆದ್ಮೇಲೆ ದಿನಾ ನಂಗೆ ಏನಾದ್ರೂ ಒಂದು ತೋರಿಸೋರು. ಈರುಳ್ಳಿ ಸಿಪ್ಪೆ, ನನ್ನ ಕೂದಲು, ಬೂಸಲು ಹಿಡಿದ ಬ್ರೆಡ್ಡು. ನೋಡೇ ಎಷ್ಟು ಚೆನ್ನಾಗಿದೆ ಅನ್ನೋರು. ಆ ಭಾನುವಾರ ಸಂಜೆ ಸಂಘದವ್ರು ಹೋದ್ಮೇಲೆ ಅವರ ಮಿಷನ್ನು ತೆಗೆದು, ಕೂತು, ಕಣ್ಣಿಟ್ಟೆ. ಬರೀ ಮಬ್ಬು. ಎಷ್ಟು ತಿರುಗಿಸಿದ್ರೂ ಮಬ್ಬು. ಆಗ ಹೊಟ್ಟೆ ಉರೀತು. ತಂಗಿಗೆ ಹೇಳ್ಬೇಕು ಅಂತ ಎದ್ದೆ. ಅಷ್ಟರಲ್ಲಿ ನೀನೇ ಫೋನ್ ಮಾಡಿದೆ."

"ನಾನಾ?"

"ನೀನೇ. 'ಅಕ್ಕಾ, ಇವ್ರ ಕರೀ ಮಿಷನ್ನಿಗೆ ಬೇಕಾದ ಲೆನ್ಸು ಸಿಕ್ಕಿಬಿಡ್ತು ಕಣೇ, ಕುಣೀತಾ ಇದಾರೆ, ನಂಗೂ ಎಷ್ಟು ಖುಷಿ ಆಯ್ತು ಗೊತ್ತಾ' ಅಂದೆ. ನೊಣದ ರೆಕ್ಕೆ ನೋಡ್ದೆ ಅಂದೆ. ಬಣ್ಣ ಹೇಳ್ದೆ."

ಹೌದು, ಟೈಲರಮ್ಮ ಮಾಡಿದ್ದಳು. ಗಂಡನನ್ನು ಕಳೆದುಕೊಂಡು ಮಂಕಾಗಿ ಕೂತ ಅಕ್ಕನಿಗೆ ಏನಾದರೊಂದು ಒಳ್ಳೇ ಸುದ್ದಿ ಹೇಳೋಣ, ಮನಸ್ಸು ಸ್ವಲ್ಪ ಹಗುರಾಗಲಿ ಅಂತ ಮಾಡಿದ್ದಳು. ಅಕ್ಕ ಆ ಕಡೆಯಿಂದ "ಸರಿ" ಅಂದು ಇಟ್ಟಿದ್ದಳು.

"ನಂಗೆ ಗೊತ್ತಿರ್ಲಿಲ್ಲ ಅಕ್ಕಾ. ನಿನ್ನ ಮೇಲಾಣೆ, ಗೊತ್ತಿರ್ಲಿಲ್ಲ."

"ಈಗ ಗೊತ್ತಾಯ್ತು. ಡಾಕ್ಟ್ರು ಬಾಯಿ ಬಿಟ್ಟಾಗ ನಿನ್ನ ಮುಖ ನೋಡ್ದೆನಲ್ಲ. ಅಂಥ ಮುಖ ನಾಟಕಕ್ಕೆ ಬರಲ್ಲ." ಅಕ್ಕ ಮಡಿಲಲ್ಲಿದ್ದ ಕೈಯನ್ನು ಒಂದರ ಮೇಲೊಂದು ಉಜ್ಜಿಕೊಂಡಳು. "ಆದ್ರೆ ಎಂಟು ವರ್ಷ ನಂಗೆ ಅದು ಗೊತ್ತಿರ್ಲಿಲ್ಲ ನೋಡು. ಗಂಡ ಹೆಂಡತಿ ಸೇರ್ಕೊಂಡು ನನ್ನ ಮನೆ ದೋಚಿ, ಮೇಲಿಂದ ಫೋನ್ ಮಾಡಿ ಆಡ್ಕೋತಿದಾರೆ ಅಂದ್ಕೊಂಡೆ. ನೀನು ಗುರುವಾರ ಡಬ್ಬಿ ಹಿಡ್ಕೊಂಡು ಬಂದಾಗ, ಪಾಪ ತಟ್ಟಿದೆ, ಅದಕ್ಕೇ ಬರ್ತಾಳೆ ಅಂದ್ಕೊಂಡೆ. ಬರ್ಲಿ, ದಂಡ ಕಟ್ಲಿ ಅಂತ ತಿಂದೆ. ಬಟ್ಟೆ ಒಗೀಲಿ ಅಂತ ಬಿಟ್ಟೆ. ಪ್ರತಿ ಸಲ ನೀನು ಗೇಟು ದಾಟೋವರೆಗೂ ಕಾಯ್ತಿದ್ದೆ, ಇವತ್ತಾದ್ರೂ ಒಪ್ಕೋತಾಳಾ ಅಂತ."

"ಒಪ್ಪಿಕೊಳ್ಳೋಕೆ ನಂಗೆ ಏನು ಗೊತ್ತಿತ್ತು ಅಕ್ಕಾ!" ಅಂತ ಟೈಲರಮ್ಮ ಅತ್ತೇಬಿಟ್ಟಳು. ಅಳುತ್ತಲೇ ಎದ್ದಳು. ಬೀರು ತೆಗೆದು, ಕರೀ ಮೈಕ್ರೋಸ್ಕೋಪನ್ನು ಕತ್ತು ಹಿಡಿದು ಎಳೆದು, ಸಣ್ಣ ಲೆನ್ಸನ್ನು ತಿರುಗಿಸಿ ತಿರುಗಿಸಿ ಬಿಚ್ಚಿದಳು. ತಂದು ಅಕ್ಕನ ಅಂಗೈಯಲ್ಲಿಟ್ಟಳು. "ತಗೋ. ಭಾವನ ಮಿಷನ್ನಿಗೆ ಹಾಕೋಣ. ಈಗ್ಲೇ ಹೋಗಿ ತರೋಣ, ಇಬ್ಬರೂ ಕೂತು ನೋಡೋಣ."

"ಯಾವ ಮಿಷನ್ನು? ಅಟ್ಟಕ್ಕೆ ಹಾಕಿದೀನಿ ಅಂತ ನಿಂಗೆ ಹೇಳಿದ್ದು ಸುಳ್ಳು. ಅವತ್ತಿನ ಉರಿಗೆ ಗುಜರಿಯವನನ್ನ ಕರೆದು ಎಲ್ಲ ಹಾಕ್ಬಿಟ್ಟೆ. ಒಂದೂ ಇಟ್ಕೊಳ್ಲಿಲ್ಲ." ಅಕ್ಕ ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿ, ಕುರ್ಚಿಯ ಕೈ ಮೇಲೆ ಇಟ್ಟಳು. "ಮತ್ತೆ ಇನ್ನೊಂದು ಹೇಳ್ತೀನಿ ಕೇಳು. ಇವತ್ತು ನಾನು ಬಂದಿದ್ದು ನಿನ್ನ ದುಃಖಕ್ಕಲ್ಲ. ನಂಗಾಗಿದ್ದು ನಿಂಗೂ ಆಗೋದನ್ನ ನೋಡೋಕೆ ಬಂದೆ. ನೀನು ಟೀ ಮಾಡೋಕೆ ಹೋದಾಗ ಡಾಕ್ಟ್ರು ಜೇಬಿಗೆ ಹಾಕೋದನ್ನ ನೋಡ್ದೆ. ಸುಮ್ಮನಿದ್ದೆ. ಒಳಗೊಳಗೇ ಎಷ್ಟು ತಣ್ಣಗಾಯ್ತು ಗೊತ್ತಾ ನಂಗೆ?"

ಟೈಲರಮ್ಮನಿಗೆ ಈ ಮಾತು ಕಪಾಳಕ್ಕೆ ಹೊಡೆದ ಹಾಗಾಯಿತು. ಆದರೂ ಅವಳು ಬಿಡುವವಳಲ್ಲ. ಹಟ ಅನ್ನುವುದು ಅವಳ ರಕ್ತದಲ್ಲೇ ಇತ್ತು. ಮೂಗು ಒರೆಸಿಕೊಂಡು, ಅಕ್ಕನ ಕೈ ಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಹೊಸ ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

"ಆಗಿದ್ದೆಲ್ಲ ಆ ಮನುಷ್ಯನಿಂದ ಅಕ್ಕಾ. ಅವರು ಹೋದ್ರು, ಬೈಯೋಣ ಅಂದ್ರೆ ಕೈಗೂ ಸಿಗಲ್ಲ. ನಾವಿಬ್ರು ಯಾಕೆ ಅವರ ಪಾಪ ಹೊರಬೇಕು? ಇದು ನಿಂಗೆ ಅಂತ ಮಾಡ್ಸಿದ್ದು. ಬಾ, ಇಲ್ಲೇ ಇದ್ದುಬಿಡು. ಬೇಕಾದ್ರೆ ಆ ಬೀರುಗಳನ್ನೆಲ್ಲ ನಾಳೆನೇ ಆಚೆ ಹಾಕಿಸ್ತೀನಿ."

ಅಕ್ಕ ಕೋಣೆಯನ್ನು ನಿಧಾನವಾಗಿ ನೋಡಿದಳು. ಹಾಸಿಗೆಯ ಅಂಚು ಮುಟ್ಟಿ ನೋಡಿದಳು. ಪರದೆ ಸ್ವಲ್ಪ ಸರಿಸಿ ಮತ್ತೆ ಮುಚ್ಚಿದಳು. ಒಂದು ಕ್ಷಣ ಅವಳ ಮುಖದಲ್ಲಿ ಹಳೇ ಅಕ್ಕ ಬಂದು ಹೋದಳು ಅಂತ ತಂಗಿಗೆ ಅನ್ನಿಸಿತು.

"ಚೆನ್ನಾಗಿ ಹೊಲಿದಿದೀಯ" ಅಂದಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೊರಟಳು. ಮುಂದಿನ ಕೋಣೆ ದಾಟಿದಳು, ಚಪ್ಪಲಿ ಮೆಟ್ಟಿದಳು. ಟೈಲರಮ್ಮ ಹಿಂದೆಯೇ ಓಡಿದಳು.

"ಏನೂ ಹೇಳ್ದೆ ಹೋಗ್ತಿದೀಯಲ್ಲ ಅಕ್ಕಾ! ಸರಿ, ಇವತ್ತು ಬೇಡ, ಯೋಚನೆ ಮಾಡು. ನಾನು ಗುರುವಾರ ಬರ್ತೀನಲ್ಲ, ಆಗ ಮಾತಾಡೋಣ."

"ಬೇಡ. ಇನ್ಮೇಲೆ ಬರ್ಬೇಡ ಕಣೇ."

"ಯಾಕೆ? ನನ್ನನ್ನ ನಂಬಿದೀಯಲ್ಲ ಈಗ?"

"ನಂಬಿದೀನಿ." ಅಕ್ಕ ಗೇಟಿನ ಚಿಲಕ ಹಿಡಿದು ನಿಂತಳು, ತಂಗಿಯ ಮುಖ ನೋಡಲಿಲ್ಲ. "ನೀನು ಕಳ್ಳಿ ಅಂದ್ಕೊಂಡಿದ್ದಾಗ ನಿನ್ನ ಕೈ ಅನ್ನ ದಂಡ ಅಂತ ಗಂಟಲಲ್ಲಿ ಇಳೀತಿತ್ತು. ಈಗ ಇಳಿಯಲ್ಲ."

"ನಾನೇನು ಮಾಡ್ದೆ ಅಕ್ಕಾ?"

"ಏನೂ ಮಾಡ್ಲಿಲ್ಲ" ಅಂದಳು ಅಕ್ಕ. "ಅದಕ್ಕೇ."

ಗೇಟು ಮುಚ್ಚಿಕೊಂಡು ಹೋದಳು.